ಬೇಕಲದ ಕಡಲಗಾಳಿಯಲ್ಲೂ ಕಾಲರ್ ಮೈಕ್‌ನಲ್ಲಿ ಮಾತು ಸರಿಯಾಗಿ ಕೇಳಬೇಕಾ?

[ದೃಶ್ಯ: ಬೇಕಲ ಕೋಟೆ, ಕಡಲ ಕಡೆಯ ಗೋಡೆ, ಸಂಜೆ ನಾಲ್ಕು ಗಂಟೆ. ಕಾಲರ್ ಮೈಕ್‌ಗೆ ಏನೂ ಹೊದಿಸಿಲ್ಲ. ಹತ್ತು ಸೆಕೆಂಡ್ ಸದ್ದು ಹಾಗೇ ಕೇಳಲಿ.]

ನಮಸ್ಕಾರ. ಈಗ ಕೇಳಿದಿರಲ್ಲ, ಆ ಗುಡುಗುಡು? ಅದರ ಅಡಿಯಲ್ಲಿ ನನ್ನ ಮಾತೂ ಇತ್ತು. ಒಂದು ಪದವೂ ತಿಳಿಯಲಿಲ್ಲ, ಅಲ್ವಾ?

ಹೋದ ವರ್ಷ ಇದೇ ಜಾಗದಲ್ಲಿ ನಮ್ಮ ದೊಡ್ಡಪ್ಪನನ್ನು ಕೂರಿಸಿ ಮಾತಾಡಿಸಿದ್ದೆ. ಕುಂಬಳೆ ಸೀಮೆಯ ಹಳೇ ಯಕ್ಷಗಾನ ಆಟಗಳ ಸುದ್ದಿ. ರಾತ್ರಿ ಗುಡ್ಡೆ ಹತ್ತಿಳಿದು ಆಟಕ್ಕೆ ಹೋಗುತ್ತಿದ್ದುದು, ಬೆಳಗ್ಗೆ ನಿದ್ದೆಗಣ್ಣಲ್ಲೇ ಬಂದು ತೋಟಕ್ಕೆ ನೀರು ಬಿಡುತ್ತಿದ್ದುದು, ಎಲ್ಲ ಹೇಳಿದರು. 40 ನಿಮಿಷ. ಮನೆಗೆ ಬಂದು ಕೇಳಿದರೆ ಮುಕ್ಕಾಲು ಪಾಲು ಬರೀ ಗಾಳಿ. ಇನ್ನೊಮ್ಮೆ ಹೇಳಿ ದೊಡ್ಡಪ್ಪ ಅಂತ ಕೇಳಿಕೊಂಡೆ. ಹೇಳಿದರು, ಆದರೆ ಐದು ನಿಮಿಷಕ್ಕೆ ಮುಗಿಯಿತು. ಮೊದಲ ಸಲ ತಾನಾಗಿ ಬಂದ ಮಾತು ಎರಡನೇ ಸಲಕ್ಕೆ ಬರಲಿಲ್ಲ. ಅದು ನನಗೆ ಇವತ್ತಿಗೂ ಬೇಸರ.

ಆ ಗುಡುಗುಡು ಎಲ್ಲಿಂದ ಬರುತ್ತದೆ ಅಂತ ಮೊದಲು ನೋಡೋಣ. ತೆಂಗಿನ ಗರಿಯ ಸದ್ದು, ಅಲೆಯ ಸದ್ದು ಬೇರೆ. ಅವು ವಿಡಿಯೋದಲ್ಲಿ ಹಿತವಾಗಿಯೇ ಕೇಳುತ್ತವೆ. ಇದು ಹಾಗಲ್ಲ. ಮೈಕ್ ಒಳಗೆ ತೆಳ್ಳಗಿನ ಒಂದು ಪರೆ ಇದೆ, ನಾವು ಮಾತಾಡಿದರೆ ಅದು ಚೂರೇ ಚೂರು ನಡುಗುತ್ತದೆ. ಗಾಳಿ ಬಂದು ಮೈಕ್‌ಗೆ ಬಡಿದಾಗ, ಹೊಳೆಯಲ್ಲಿ ಕಲ್ಲಿನ ಹಿಂದೆ ಸುಳಿ ಏಳುತ್ತದಲ್ಲ, ಹಾಗೆ ಮೈಕ್‌ನ ಸುತ್ತ ಸಣ್ಣ ಸಣ್ಣ ಸುಳಿ ಏಳುತ್ತದೆ, ಆ ಸುಳಿಯ ಒತ್ತಡ ಪರೆಯನ್ನು ಎತ್ತಿ ಕುಕ್ಕುತ್ತದೆ. ಅಂದರೆ ಸದ್ದು ಹುಟ್ಟುವುದೇ ಮೈಕ್‌ನ ಬಾಯಲ್ಲಿ. ತಡೆಯಬೇಕಾದದ್ದೂ ಅಲ್ಲೇ.

"ಎಡಿಟಿಂಗ್‌ನಲ್ಲಿ ತೆಗೆದರಾಯಿತು" ಅಂತ ತುಂಬಾ ಜನ ಹೇಳುತ್ತಾರೆ. ಸ್ವಲ್ಪ ಗಾಳಿ ಇದ್ದರೆ ಸರಿ. ಲೋ ಕಟ್ ಅನ್ನು, ಅಂದರೆ ತಗ್ಗು ಸ್ವರದ ಸದ್ದನ್ನು ಕತ್ತರಿಸುವ ಫಿಲ್ಟರನ್ನು, 80 ಅಥವಾ 100 ಹರ್ಟ್ಸ್‌ಗೆ ಇಟ್ಟರೆ ಕೆಳಗಿನ ಗುಡುಗು ಒಂದಿಷ್ಟು ಹೋಗುತ್ತದೆ. ಆದರೆ ಜೋರು ಗಾಳಿಗೆ ಲೆವೆಲ್ ಕೆಂಪಿಗೆ ಹೋಗಿ ಒಡೆದಿದ್ದರೆ, ಅದರ ಜೊತೆ ಮಾತೂ ಒಡೆದಿರುತ್ತದೆ. ಅದನ್ನು ಯಾವ ಸಾಫ್ಟ್‌ವೇರೂ ಮೊದಲಿನ ಹಾಗೆ ಮಾಡಿಕೊಡುವುದಿಲ್ಲ.

[ದೃಶ್ಯ: ಅಂಗೈ ಮೇಲೆ ಎರಡು ವಸ್ತು. ಕಪ್ಪು ಸ್ಪಂಜು, ಪಕ್ಕದಲ್ಲಿ ತುಪ್ಪಳದ ಟೋಪಿ.]

ಮೈಕ್ ಜೊತೆ ಬರುವ ಈ ಕಪ್ಪು ಸ್ಪಂಜು ಉಸಿರಿಗೆ, 'ಪ' 'ಬ' ಅಂದಾಗ ಬರುವ ಪುಸ್ ಸದ್ದಿಗೆ ಸಾಕು. ಕಡಲ ತೀರಕ್ಕೆ ಸಾಲದು. ಹೊರಗೆ ಬೇಕಾದದ್ದು ಈ ತುಪ್ಪಳದ ಟೋಪಿ, ಅಂಗಡಿಯಲ್ಲಿ ಡೆಡ್‌ಕ್ಯಾಟ್ ಅನ್ನುತ್ತಾರೆ. ಹತ್ತಿರದಿಂದ ನೋಡಿ. ಬೆರಳಿನಿಂದ ಕೂದಲು ಸರಿಸಿದರೆ ಕೆಳಗೆ ಸಡಿಲ ನೇಯ್ಗೆಯ ಬಟ್ಟೆ ಕಾಣುತ್ತದೆ. ಗಾಳಿ ಮೊದಲು ಕೂದಲಿಗೆ ತಾಗುತ್ತದೆ, ಅಲ್ಲೇ ಹರಿದು ಹಂಚಿಹೋಗುತ್ತದೆ. ಒಳಗೆ ಮೈಕ್‌ನ ಸುತ್ತ ಅಲುಗಾಡದ ಗಾಳಿ ಉಳಿಯುತ್ತದೆ. ಆ ನಿಂತ ಗಾಳಿಯೇ ಇಲ್ಲಿ ಮುಖ್ಯ. ಹಾಗಾಗಿ ಟೋಪಿಯನ್ನು ಮೈಕ್‌ಗೆ ಅಂಟಿಕೊಳ್ಳುವ ಹಾಗೆ ಬಿಗಿದು ಕಟ್ಟಬೇಡಿ. ಮೊದಲು ಸ್ಪಂಜು ಹಾಕಿ, ಅದರ ಮೇಲೆ ತುಪ್ಪಳ ಹಾಕಿ. ಎರಡರ ನಡುವೆ ಚೂರು ಜಾಗ ಇರಲಿ.

ಮನೆಯಲ್ಲೇ ಹೊಲಿಯುತ್ತೀರಾ? ಗೊಂಬೆಗೆ ಬಳಸುವ ಉದ್ದ ಕೂದಲಿನ ಬಟ್ಟೆ ಆಗುತ್ತದೆ. ತರುವ ಮೊದಲು ಬಟ್ಟೆಯನ್ನು ಬಾಯಿಗೆ ಹಿಡಿದು ಉಸಿರಾಡಿ. ಉಸಿರು ಸಲೀಸಾಗಿ ಹೋಗಿ ಬಂದರೆ ಸರಿ. ಕಟ್ಟಿದ ಹಾಗೆ ಆದರೆ ಮಾತೂ ಕಂಬಳಿ ಹೊದ್ದುಕೊಂಡು ಆಡಿದ ಹಾಗೆ ಕೇಳುತ್ತದೆ. ಕೂದಲು ಒದ್ದೆಯಾಗಿ ಅಂಟಿಕೊಂಡರೆ ಕೆಲಸ ಮಾಡುವುದಿಲ್ಲ, ಒಣಗಿಸಿ ಬಾಚಿ.

ಮೈಕ್ ಕಾಣಬಾರದು ಅಂದರೆ ಶರ್ಟಿನ ಗುಂಡಿಪಟ್ಟಿಯ ಹಿಂದೆ ಇಡಬಹುದು. ಬಟ್ಟೆಯೂ ಗಾಳಿ ತಡೆಯುತ್ತದೆ. ಆದರೆ ಆಗ ಸರಸರ ಅನ್ನುವ ಇನ್ನೊಂದು ಕಾಟ. ಮೆಡಿಕಲ್ ಟೇಪನ್ನು ಅಂಟು ಹೊರಗೆ ಬರುವ ಹಾಗೆ ಸಮೋಸದಂತೆ ಮಡಚಿ ಮೈಕ್‌ನ ಹಿಂದೊಂದು ಮುಂದೊಂದು ಇಡಿ, ಬಾಯಿ ಮಾತ್ರ ಮುಚ್ಚಬೇಡಿ. ಬಟ್ಟೆ ಮತ್ತು ಮೈಕ್ ಒಟ್ಟಿಗೇ ಅಲುಗಿದರೆ ಉಜ್ಜುವ ಸದ್ದು ಬರುವುದಿಲ್ಲ. ಹತ್ತಿ ಬಟ್ಟೆ ಒಳ್ಳೆಯದು, ರೇಷ್ಮೆ ಸೀರೆ ಮತ್ತು ನೈಲಾನ್ ಜಾಸ್ತಿ ಸದ್ದು ಮಾಡುತ್ತವೆ. ವಯರನ್ನು ಮೈಕ್‌ನ ಕೆಳಗೆ ಒಂದು ಸುತ್ತು ಸುತ್ತಿ ಟೇಪ್ ಹಾಕಿ, ಎಳೆದರೆ ಸದ್ದು ಮೇಲೆ ಹತ್ತುವುದಿಲ್ಲ.

ಇನ್ನು ಕೂರುವ ಜಾಗ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೂ ಎಲ್ಲರೂ ಮರೆಯುತ್ತಾರೆ. ನಮ್ಮ ಕರಾವಳಿಯಲ್ಲಿ ಬಿಸಿಲೇರಿ ನೆಲ ಕಾದ ಮೇಲೆ ಪಶ್ಚಿಮದಿಂದ ಗಾಳಿ ಶುರು. ಬೇಸಿಗೆಯಲ್ಲಾದರೆ ಬೆಳಗ್ಗೆ ಬೇಗ ಮುಗಿಸಿಬಿಡಿ. ಸಂಜೆಯೇ ಬೇಕು ಅಂದರೆ ಮಾತಾಡುವವರ ಬೆನ್ನು ಕಡಲಿಗೆ ಇರಲಿ. ಚೌಕಟ್ಟಿನಲ್ಲಿ ಹಿಂದೆ ಕಡಲೂ ಬರುತ್ತದೆ, ಎದೆಯ ಮೇಲಿನ ಮೈಕ್‌ಗೆ ಅವರ ಮೈಯೇ ಮರೆಯಾಗುತ್ತದೆ. ಈ ಕೋಟೆಯ ಮುರಕಲ್ಲಿನ ಗೋಡೆ ಇದೆಯಲ್ಲ, ಕೆಳದಿಯ ಶಿವಪ್ಪ ನಾಯಕನ ಕಾಲದ್ದು, ಅದರ ಬುಡದಲ್ಲಿ ಕೂತರೆ ಇನ್ನೂ ಒಳ್ಳೆಯದು. ಪೊಸಡಿ ಗುಂಪೆಯಂಥ ಬೋಳು ಗುಡ್ಡದ ತುದಿಯಲ್ಲಿ ಮರೆ ಸಿಗುವುದಿಲ್ಲ. ಅಲ್ಲಿ ನೋಟ ಮಾತ್ರ ತೆಗೆದು, ಮಾತಿಗೆ ಕೆಳಗೆ ಅಡಿಕೆ ತೋಟಕ್ಕೆ ಇಳಿಯಿರಿ.

ಏನೂ ಇಲ್ಲದಿದ್ದರೆ? ಹೆಗಲ ಮೇಲಿನ ಬೈರಾಸು, ಅದೇ ಟವೆಲ್, ಇದೆಯಲ್ಲ! ಗಾಳಿ ಬರುವ ಕಡೆ ಇಬ್ಬರು ಅದನ್ನು ಬಿಗಿಯಾಗಿ ಹಿಡಿದು ನಿಲ್ಲಲಿ, ಚೌಕಟ್ಟಿನ ಹೊರಗೆ. ಪಟಪಟ ಹೊಡೆದುಕೊಳ್ಳಬಾರದು ಅಷ್ಟೇ.

ಶುರು ಮಾಡುವ ಮೊದಲು ಹೆಡ್‌ಫೋನ್ ಹಾಕಿ ಕೇಳಿ, ದಯವಿಟ್ಟು. ಮೊಬೈಲ್ ಸ್ಪೀಕರ್‌ನಲ್ಲಿ ಕೇಳಿದರೆ ಸಾಲದು. ಅದರಲ್ಲಿ ಕೆಳಗಿನ ಗುಡುಗು ಬರುವುದೇ ಇಲ್ಲ, ಎಲ್ಲ ಸರಿ ಇದೆ ಅನಿಸುತ್ತದೆ. ನಾನು ಮಾಡಿದ ತಪ್ಪು ಇದೇ. ಮಾತಿನ ಲೆವೆಲ್ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಹತ್ತಿರ ಇರಲಿ, ನಿಮ್ಮ ಮೈಕ್ ಸೆಟ್‌ನಲ್ಲಿ ಸೇಫ್ಟಿ ಟ್ರ್ಯಾಕ್ (ಅದೇ ಮಾತನ್ನು ಕಡಿಮೆ ಲೆವೆಲ್‌ನಲ್ಲಿ ಇನ್ನೊಂದು ಪ್ರತಿಯಾಗಿ ಉಳಿಸುವುದು) ಇದ್ದರೆ ಆನ್ ಮಾಡಿ. ಕೊನೆಗೆ ಯಾರೂ ಮಾತಾಡದೆ 30 ಸೆಕೆಂಡ್ ಸುಮ್ನೆ ರೆಕಾರ್ಡ್ ಮಾಡಿಕೊಳ್ಳಿ, ಎಡಿಟಿಂಗ್‌ನಲ್ಲಿ ತುಂಡುಗಳ ನಡುವೆ ತುಂಬಲು ಬೇಕಾಗುತ್ತದೆ.

[ದೃಶ್ಯ: ಅದೇ ಗೋಡೆ, ಅದೇ ಹೊತ್ತು. ಬೆನ್ನು ಕಡಲಿಗೆ, ಎದೆಯ ಮೇಲೆ ತುಪ್ಪಳದ ಟೋಪಿ. ದೂರದಲ್ಲಿ ಅಲೆಯ ಸದ್ದು.]

ಈ ಸಲ ಹೆಡ್‌ಫೋನ್ ನನ್ನ ಕಿವಿಯಲ್ಲೇ ಇದೆ. ದೊಡ್ಡಪ್ಪ, ನೀರು ಕುಡಿದಿರಾ? ಹಾಂ, ಈಗ ಹೇಳಿ, ಮಳೆ ಬಂದು ನಡುರಾತ್ರಿ ಆಟ ನಿಂತಿತು ಅಂದಿರಲ್ಲ, ಅಲ್ಲಿಂದ.