ಸರ್ವರ್ ಇನ್‌ಸ್ಟಾಲ್: ಡಿಸ್ಕ್ ಪರದೆಯಲ್ಲಿ ಕೆಲಸ ನಿಂತಾಗ

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತಿನಲ್ಲಿ ಕೆಲವು ಕಮಾಂಡ್‌ಗಳು ಬರುತ್ತವೆ, ಕಾಗದ ಪೆನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಹೊಸ ಸರ್ವರ್‌ಗೆ ಪೆನ್‌ಡ್ರೈವ್ ಹಾಕಿ, ಭಾಷೆ, ಕೀಬೋರ್ಡ್ ಆರಿಸಿ ಮುಂದೆ ಹೋದರೆ, ಡಿಸ್ಕ್ ಆರಿಸುವ ಪರದೆಯಲ್ಲಿ ಕೆಲಸ ನಿಂತುಬಿಡುತ್ತದೆ. ಈ ಡಿಸ್ಕ್‌ನಲ್ಲಿ ವಿಂಡೋಸ್ ಹಾಕಲು ಬರುವುದಿಲ್ಲ ಎಂಬ ಒಂದು ಸಾಲು. ಇಲ್ಲವೇ ಡಿಸ್ಕ್‌ಗಳ ಪಟ್ಟಿಯೇ ಖಾಲಿ. ಆಗ ಬಹಳಷ್ಟು ಜನ ಕಂಡ ಪಾರ್ಟಿಶನ್‌ಗಳನ್ನೆಲ್ಲ ಡಿಲೀಟ್ ಮಾಡಲು ಹೊರಡುತ್ತಾರೆ. ಎಲ್ಲಕ್ಕಿಂತ ಕೊನೆಗೆ ಮಾಡಬೇಕಾದ ಕೆಲಸ ಅದು. ಡಿಸ್ಕ್ ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ. ಯಂತ್ರ ಬೂಟ್ ಆದ ರೀತಿಗೂ ಡಿಸ್ಕ್ ಮೇಲಿರುವ ಪಾರ್ಟಿಶನ್ ಟೇಬಲ್‌ಗೂ ತಾಳೆ ಆಗಿರುವುದಿಲ್ಲ, ಅಷ್ಟೆ.

ಪಾರ್ಟಿಶನ್ ಟೇಬಲ್ ಅಂದರೆ ಡಿಸ್ಕ್‌ನ ಪಹಣಿ ಅಂದುಕೊಳ್ಳಿ. ಯಾವ ತುಂಡು ಎಲ್ಲಿಂದ ಎಲ್ಲಿಯವರೆಗೆ ಎಂಬ ದಾಖಲೆ. ಇದರಲ್ಲಿ ಎರಡು ಬಗೆ. ಹಳೆಯದು ಎಂಬಿಆರ್, 1983ರ ಪಿಸಿ ಡಾಸ್ 2.0 ಕಾಲದ್ದು. ಅದರಲ್ಲಿ ನಾಲ್ಕೇ ಪ್ರೈಮರಿ ಪಾರ್ಟಿಶನ್‌ಗಳಿಗೆ ಜಾಗ. ಡಿಸ್ಕ್‌ನ ಅತಿ ಚಿಕ್ಕ ತುಣುಕಾದ ಸೆಕ್ಟರ್‌ನ ಸಂಖ್ಯೆ ಬರೆಯಲು ಇರುವುದು 32 ಬಿಟ್, ಅಂದರೆ ಸುಮಾರು 429 ಕೋಟಿ ಸೆಕ್ಟರ್. ಒಂದೊಂದಕ್ಕೆ 512 ಬೈಟ್ ಹಿಡಿದರೆ 2.2 ಟಿಬಿಗೆ ಲೆಕ್ಕ ಮುಗಿಯಿತು. 4 ಟಿಬಿ ಡಿಸ್ಕ್ ಹಾಕಿದವರಿಗೆ ಅರ್ಧಕ್ಕರ್ಧ ಜಾಗ ಕೈಗೆ ಸಿಗದೆ ಹೋಗುವುದು ಇದೇ ಕಾರಣಕ್ಕೆ. ಹೊಸದು ಜಿಪಿಟಿ. ಸಾಮಾನ್ಯವಾಗಿ 128 ಪಾರ್ಟಿಶನ್‌ಗಳಿಗೆ ಜಾಗ, ಟೇಬಲ್‌ನ ಒಂದು ಪ್ರತಿ ಡಿಸ್ಕ್‌ನ ತಲೆಯಲ್ಲಿ, ಇನ್ನೊಂದು ಬಾಲದಲ್ಲಿ. ಬಾಲದ ಪ್ರತಿ ನೆನಪಿರಲಿ, ಮುಂದೆ ಅದೇ ಒಂದು ತಕರಾರು ತೆಗೆಯುತ್ತದೆ.

ವಿಂಡೋಸ್ ಸರ್ವರ್ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಯಂತ್ರವನ್ನು ಎಬ್ಬಿಸುವ ಫರ್ಮ್‌ವೇರ್, ಅಂದರೆ ಬೋರ್ಡ್‌ನಲ್ಲೇ ಇರುವ ತಂತ್ರಾಂಶ, ಎರಡು ರೀತಿಯದು: ಹಳೆಯದು ಬಯಾಸ್, ಹೊಸದು ಯುಇಎಫ್‌ಐ. ಯಂತ್ರ ಬಯಾಸ್ ರೀತಿಯಲ್ಲಿ ಬೂಟ್ ಆಗಿದ್ದರೆ ಬೂಟ್ ಡಿಸ್ಕ್ ಎಂಬಿಆರ್ ಇರಬೇಕು, ಯುಇಎಫ್‌ಐ ರೀತಿಯಲ್ಲಿ ಆಗಿದ್ದರೆ ಜಿಪಿಟಿ. ಹಾಗಾಗಿ ಎರರ್ ಸಾಲನ್ನು ಪೂರ್ತಿ ಓದಿ, ಯಂತ್ರ ಹೇಗೆ ಬೂಟ್ ಆಗಿದೆ ಎಂದು ಅದೇ ಹೇಳುತ್ತದೆ. ಡಿಸ್ಕ್ ಜಿಪಿಟಿ ಶೈಲಿಯದು, ಆದ್ದರಿಂದ ಆಗುವುದಿಲ್ಲ ಎಂದರೆ ನೀವು ಬಯಾಸ್ ರೀತಿಯಲ್ಲಿ ಒಳಗೆ ಬಂದಿದ್ದೀರಿ. ಇಲ್ಲಿ ಡಿಸ್ಕ್‌ನಲ್ಲಿ ಅಳಿಸುವಂಥದ್ದು ಏನೂ ಇಲ್ಲ. ರೀಸ್ಟಾರ್ಟ್ ಮಾಡಿ ಬೂಟ್ ಮೆನು ತೆರೆಯಿರಿ. ಡೆಲ್ ಪವರ್‌ಎಡ್ಜ್ ಮತ್ತು ಎಚ್‌ಪಿಇ ಪ್ರೊಲಯಂಟ್ ಸರ್ವರ್‌ಗಳಲ್ಲಿ ಎಫ್11 ಕೀ, ಲೆನೊವೊ ಥಿಂಕ್‌ಸಿಸ್ಟಮ್‌ನಲ್ಲಿ ಎಫ್12. ಅನೇಕ ಯಂತ್ರಗಳಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುತ್ತದೆ, ಯುಇಎಫ್‌ಐ ಎಂದು ಬರೆದಿರುವುದನ್ನು ಆರಿಸಿ. ಅದು ಕಾಣದಿದ್ದರೆ ಪೆನ್‌ಡ್ರೈವ್ ತಯಾರಿಸಿದ ರೀತಿಯೇ ತಪ್ಪಿರಬಹುದು. ಪೆನ್‌ಡ್ರೈವ್ ತಯಾರಿಸಲು ರುಫಸ್ ತಂತ್ರಾಂಶ ಬಳಸುವವರು ಪಾರ್ಟಿಶನ್ ಸ್ಕೀಮ್ ಜಾಗದಲ್ಲಿ ಜಿಪಿಟಿ ಆರಿಸಿ ಮತ್ತೆ ತಯಾರಿಸಿಕೊಳ್ಳಿ.

ಎರರ್ ಇದಕ್ಕೆ ತದ್ವಿರುದ್ಧವಾಗಿ ಬಂತು ಅನ್ನಿ: ಡಿಸ್ಕ್‌ನಲ್ಲಿ ಎಂಬಿಆರ್ ಟೇಬಲ್ ಇದೆ, ಇಎಫ್‌ಐ, ಅಂದರೆ ಯುಇಎಫ್‌ಐ, ಯಂತ್ರಕ್ಕೆ ಜಿಪಿಟಿಯೇ ಬೇಕು. ಆಗ ಮಾತ್ರ ಡಿಸ್ಕ್ ಮುಟ್ಟಬೇಕಾಗುತ್ತದೆ. ಮೊದಲು ಡೇಟಾ ಇರುವ ಬೇರೆ ಡಿಸ್ಕ್‌ಗಳನ್ನು ಹೊರಗೆಳೆದುಬಿಡಿ, ಸ್ಟೋರೇಜ್ ಕೇಬಲ್ ಇದ್ದರೆ ಅದನ್ನೂ ಬಿಚ್ಚಿ. ಡಿಸ್ಕ್ ಸೊನ್ನೆ ಎಂದು ತೋರಿಸುವುದು ಮೊದಲ ಗೂಡಿನಲ್ಲಿರುವ ಡಿಸ್ಕೇ ಆಗಿರಬೇಕೆಂದಿಲ್ಲ. ಪೆನ್‌ಡ್ರೈವ್ ಕೂಡ ಅದೇ ಪಟ್ಟಿಯಲ್ಲಿ ಕೂತಿರುತ್ತದೆ.

ಈಗ ಬರೆದುಕೊಳ್ಳಿ. ಇನ್‌ಸ್ಟಾಲ್ ಪರದೆಯಲ್ಲೇ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಕಪ್ಪು ಕಿಟಕಿ ತೆರೆಯುತ್ತದೆ. ಡಿಸ್ಕ್‌ಪಾರ್ಟ್ ಎಂದು ಟೈಪ್ ಮಾಡಿ ಎಂಟರ್. ಲಿಸ್ಟ್ ಡಿಸ್ಕ್ ಎಂದರೆ ಪಟ್ಟಿ ಬರುತ್ತದೆ, ಕೊನೆಯ ಕಾಲಮ್‌ನಲ್ಲಿ ನಕ್ಷತ್ರ ಇದ್ದರೆ ಅದು ಜಿಪಿಟಿ. ಗಾತ್ರ ನೋಡಿ ಗುರುತಿಸಿ, ಸೆಲೆಕ್ಟ್ ಡಿಸ್ಕ್, ಮುಂದೆ ಅದರ ಸಂಖ್ಯೆ. ಆಮೇಲೆ ಡೀಟೇಲ್ ಡಿಸ್ಕ್ ಕೊಟ್ಟು ಮಾಡೆಲ್ ಹೆಸರು ಮತ್ತೊಮ್ಮೆ ನೋಡಿ. ಈ ಹೆಜ್ಜೆಯನ್ನು ದಯವಿಟ್ಟು ಹಾರಿಸಬೇಡಿ, ಏಕೆಂದರೆ ಮುಂದಿನ ಕಮಾಂಡ್ ಕ್ಲೀನ್. ಅದು ಖಾತ್ರಿಯೇ ಎಂದು ಕೇಳುವುದಿಲ್ಲ, ಎಂಟರ್ ಒತ್ತಿದ ಕ್ಷಣಕ್ಕೆ ಟೇಬಲ್ ಹೋಯಿತು. ಆಮೇಲೆ ಕನ್ವರ್ಟ್ ಜಿಪಿಟಿ, ಎಕ್ಸಿಟ್, ಮತ್ತೆ ಎಕ್ಸಿಟ್. ಪರದೆಯಲ್ಲಿ ರಿಫ್ರೆಶ್ ಒತ್ತಿ, ಖಾಲಿ ಜಾಗವನ್ನು ಆರಿಸಿ ನೆಕ್ಸ್ಟ್ ಕೊಡಿ. ಬೂಟ್ ಫೈಲ್‌ಗಳಿರುವ ಇಎಫ್‌ಐ ಪಾರ್ಟಿಶನ್, 16 ಎಂಬಿಯ ರಿಸರ್ವ್ಡ್ ತುಂಡು, ಇವನ್ನು ಸೆಟಪ್ ತಾನೇ ಮಾಡಿಕೊಳ್ಳುತ್ತದೆ.

ತಪ್ಪು ಡಿಸ್ಕ್‌ಗೆ ಕ್ಲೀನ್ ಕೊಟ್ಟುಬಿಟ್ಟರೆ? ಹರಿದದ್ದು ಪಹಣಿ, ಜಮೀನು ಇನ್ನೂ ಅಲ್ಲೇ ಇದೆ. ಆ ಡಿಸ್ಕ್ ಮೇಲೆ ಒಂದಕ್ಷರವೂ ಬರೆಯದೆ ಯಂತ್ರ ನಿಲ್ಲಿಸಿ, ಟೆಸ್ಟ್‌ಡಿಸ್ಕ್‌ನಂಥ ಸಾಧನದಿಂದ ಹಳೆಯ ಗಡಿಗಳನ್ನು ಹುಡುಕಿಸಬಹುದು. ಕ್ಲೀನ್ ಆಲ್ ಕೊಟ್ಟಿದ್ದರೆ ಆ ದಾರಿಯೂ ಇಲ್ಲ, ಅದು ಪ್ರತಿ ಸೆಕ್ಟರ್‌ಗೂ ಸೊನ್ನೆ ಬರೆಯುತ್ತದೆ.

ಇನ್ನು ಪಟ್ಟಿಯೇ ಖಾಲಿ ಬರುವ ಸಂಗತಿ. ಸರ್ವರ್‌ನಲ್ಲಿ ರೇಡ್ ಕಂಟ್ರೋಲರ್, ಅಂದರೆ ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದೇ ಡಿಸ್ಕ್‌ನಂತೆ ತೋರಿಸುವ ಕಾರ್ಡ್, ಇದ್ದರೆ ಗೂಡಿಗೆ ಡಿಸ್ಕ್ ತಳ್ಳಿದರಷ್ಟೇ ಸಾಲದು. ಕಂಟ್ರೋಲರ್‌ನ ಸೆಟಪ್‌ಗೆ ಹೋಗಿ ವರ್ಚುವಲ್ ಡಿಸ್ಕ್ ಮಾಡಬೇಕು, ಇನ್‌ಸ್ಟಾಲರ್‌ಗೆ ಕಾಣುವುದು ಅದೊಂದೇ. ಆಪರೇಟಿಂಗ್ ಸಿಸ್ಟಮ್‌ಗೆ ಎರಡು ಡಿಸ್ಕ್‌ಗಳಲ್ಲೂ ಒಂದೇ ಪ್ರತಿ ಇಡುವ ರೇಡ್ 1 ಪ್ರತ್ಯೇಕವಾಗಿರಲಿ, ಡೇಟಾ ಬೇರೆ ಇರಲಿ. ಬೇರೆ ಸರ್ವರ್‌ನಿಂದ ತೆಗೆದ ಡಿಸ್ಕ್ ಆದರೆ ಫಾರಿನ್ ಎಂದು ತೋರಿಸುತ್ತದೆ. ಅದರಲ್ಲಿನ ಡೇಟಾ ಬೇಕಿದ್ದರೆ ಇಂಪೋರ್ಟ್, ಬೇಡವೆಂಬುದು ಖಚಿತವಿದ್ದರಷ್ಟೇ ಕ್ಲಿಯರ್. ವರ್ಚುವಲ್ ಡಿಸ್ಕ್ ಇದ್ದೂ ಕಾಣದಿದ್ದರೆ ಕೊರತೆ ಡ್ರೈವರ್‌ನದು. ತಯಾರಕರ ತಾಣದಿಂದ ತಂದ ಜಿಪ್ ಅಥವಾ ಇಎಕ್ಸ್‌ಇ ಫೈಲನ್ನು ಹಾಗೆಯೇ ಪೆನ್‌ಡ್ರೈವ್‌ಗೆ ಹಾಕಿದರೆ ಲೋಡ್ ಡ್ರೈವರ್‌ಗೆ ಏನೂ ಸಿಗುವುದಿಲ್ಲ. ಬಿಚ್ಚಿ, ಐಎನ್‌ಎಫ್ ಫೈಲ್ ಕಾಣುವಂತೆ ಹಾಕಬೇಕು.

ಲಿನಕ್ಸ್ ಕಡೆ ಬರೋಣ. ಉಬುಂಟು, ಡೆಬಿಯನ್, ಆಲ್ಮಾ, ರಾಕಿ, ಇವುಗಳ ಇನ್‌ಸ್ಟಾಲರ್‌ಗಳಲ್ಲಿ ಕಂಟ್ರೋಲ್ ಆಲ್ಟ್ ಎಫ್2 ಒತ್ತಿದರೆ ಕಮಾಂಡ್ ಬರೆಯುವ ಶೆಲ್ ಸಿಗುತ್ತದೆ. ಅಲ್ಲಿ ಎಲ್‌ಎಸ್ ಸ್ಪೇಸ್ ಸ್ಲ್ಯಾಶ್ ಸಿಸ್ ಸ್ಲ್ಯಾಶ್ ಫರ್ಮ್‌ವೇರ್ ಸ್ಲ್ಯಾಶ್ ಇಎಫ್‌ಐ ಕೊಟ್ಟು ನೋಡಿ. ಫೋಲ್ಡರ್ ಇದ್ದರೆ ಯುಇಎಫ್‌ಐ, ಇಲ್ಲವಾದರೆ ಬಯಾಸ್. ಲಿನಕ್ಸ್ ಬಯಾಸ್‌ನಲ್ಲೂ ಜಿಪಿಟಿ ಡಿಸ್ಕ್‌ನಿಂದ ಬೂಟ್ ಆಗುತ್ತದೆ, ಆದರೆ ಲಿನಕ್ಸ್ ಅನ್ನು ಬೂಟ್ ಮಾಡುವ ಗ್ರಬ್ ಕೂರಲು 1 ಎಂಬಿಯ ಬಯಾಸ್ ಬೂಟ್ ಪಾರ್ಟಿಶನ್ ಬೇಕು. ಅದಕ್ಕೆ ಫಾರ್ಮ್ಯಾಟ್ ಬೇಡ, ಮೌಂಟ್ ಬೇಡ. ಕೈಯಾರೆ ಪಾರ್ಟಿಶನ್ ಮಾಡುವವರು ಇದನ್ನೇ ಬಿಟ್ಟುಬಿಡುತ್ತಾರೆ, ಎಲ್ಲ ಮುಗಿದ ಮೇಲೆ ಕೊನೆಗೆ ಗ್ರಬ್ ಹಾಕಲಾಗಲಿಲ್ಲ ಎಂದು ಬರುತ್ತದೆ.

ಹಳೆಯ ಡಿಸ್ಕ್ ಬಳಸುವಾಗ ಡಿವೈಸ್ ಬಿಜಿ ಎಂಬ ಉತ್ತರ ಬಂದರೆ, ಹಿಂದಿನ ರೇಡ್‌ನ ಅಥವಾ ಡಿಸ್ಕ್ ಜಾಗವನ್ನು ಒಟ್ಟುಗೂಡಿಸಿ ಬೇಕಾದಂತೆ ಹಂಚುವ ಎಲ್‌ವಿಎಂನ ಗುರುತನ್ನು ಇನ್‌ಸ್ಟಾಲರ್ ತಾನಾಗಿಯೇ ಹಿಡಿದು ಎಬ್ಬಿಸಿದೆ ಎಂದರ್ಥ. ಎಲ್‌ಎಸ್‌ಬಿಎಲ್‌ಕೆ ಹೈಫನ್ ಎಫ್ ಕೊಟ್ಟರೆ ಯಾರು ಹಿಡಿದಿದ್ದಾರೆ ಎಂದು ಗೊತ್ತಾಗುತ್ತದೆ. ಎಲ್‌ವಿಎಂ ಆದರೆ ವಿಜಿಚೇಂಜ್ ಹೈಫನ್ ಎಎನ್, ರೇಡ್ ಆದರೆ ಎಂಡಿಎಡಿಎಂ ಹೈಫನ್ ಹೈಫನ್ ಸ್ಟಾಪ್, ಮುಂದೆ ಆ ಎಂಡಿಯ ಹೆಸರು. ಬಿಡಿಸಿದ ಮೇಲೆ ಪಾರ್ಟಿಶನ್‌ಗಳ ಮೇಲೂ ಡಿಸ್ಕ್ ಮೇಲೂ ವೈಪ್‌ಎಫ್‌ಎಸ್ ಹೈಫನ್ ಎ. ಡಿಡಿ ಕಮಾಂಡ್‌ನಿಂದ ಮೊದಲ ಕೆಲವು ಸೆಕ್ಟರ್ ಮಾತ್ರ ಅಳಿಸಿದ್ದರೆ ಬಾಲದಲ್ಲಿರುವ ಜಿಪಿಟಿ ಪ್ರತಿ ಉಳಿದಿರುತ್ತದೆ, ಟೇಬಲ್ ಕೆಟ್ಟಿದೆ ಎಂಬ ಗೊಣಗಾಟ ಶುರುವಾಗುತ್ತದೆ. ಎಸ್‌ಜಿಡಿಸ್ಕ್ ಹೈಫನ್ ಹೈಫನ್ ಜ್ಯಾಪ್ ಹೈಫನ್ ಆಲ್ ಎರಡನ್ನೂ ಅಳಿಸುತ್ತದೆ.

ಇನ್‌ಸ್ಟಾಲ್ ಸಲೀಸಾಗಿ ಮುಗಿದು ತಿಂಗಳುಗಳ ಮೇಲೆ ತೊಂದರೆ ಕೊಡುವ ಎರಡು ಸಂಗತಿಗಳಿವೆ. ಎರಡೂ ಇನ್‌ಸ್ಟಾಲರ್ ತಾನೇ ಮಾಡಿಕೊಡುವ ಲೆಔಟ್‌ನವು. ಉಬುಂಟು ಸರ್ವರ್‌ನಲ್ಲಿ ಎಲ್‌ವಿಎಂ ಒಪ್ಪಿಕೊಂಡರೆ, 200 ಜಿಬಿಗಿಂತ ದೊಡ್ಡ ಡಿಸ್ಕ್‌ನಲ್ಲೂ ಸಿಸ್ಟಮ್ ಕೂರುವ ಮುಖ್ಯ ಭಾಗವಾದ ರೂಟ್‌ಗೆ 100 ಜಿಬಿ ಮಾತ್ರ ಕೊಡುತ್ತದೆ. ಡಿಸ್ಕ್ ಒಂದು ಟಿಬಿ, ಆದರೂ ಜಾಗ ಇಲ್ಲ ಎಂಬ ದೂರು ಹುಟ್ಟುವುದು ಇಲ್ಲಿಂದ. ಉಳಿದ ಜಾಗ ವಾಲ್ಯೂಮ್ ಗ್ರೂಪ್‌ನಲ್ಲಿ, ಅಂದರೆ ಎಲ್‌ವಿಎಂ ಒಟ್ಟುಗೂಡಿಸಿದ ಜಾಗದಲ್ಲಿ, ಖಾಲಿ ಇದೆ. ಎಲ್‌ವಿಎಕ್ಸ್‌ಟೆಂಡ್ ಹೈಫನ್ ಆರ್ ಬಳಸಿ, ಸರ್ವರ್ ಓಡುತ್ತಿರುವಾಗಲೇ ಹಿಗ್ಗಿಸಬಹುದು. ನಿಜ ಹೇಳಬೇಕೆಂದರೆ ಇದು ಒಳ್ಳೆಯ ಏರ್ಪಾಟು, ಗೊತ್ತಿಲ್ಲದವರಿಗೆ ಮಾತ್ರ ಗಾಬರಿ. ಆಲ್ಮಾ, ರಾಕಿಗಳದ್ದು ಹಾಗಲ್ಲ. ದೊಡ್ಡ ಡಿಸ್ಕ್ ಕೊಟ್ಟರೆ ರೂಟ್‌ಗೆ 70 ಜಿಬಿ, ಮೆಮೊರಿ ಸಾಲದಾದಾಗ ಬಳಸುವ ಸ್ವಾಪ್ ಕಳೆದು ಉಳಿದದ್ದೆಲ್ಲ ಬಳಕೆದಾರರ ಫೈಲ್‌ಗಳಿಗೆಂದಿರುವ ಹೋಮ್‌ಗೆ. ಡೇಟಾಬೇಸ್ ಬೆಳೆಯುವುದು ವಾರ್ ಫೋಲ್ಡರ್‌ನಲ್ಲಿ, ಅದು ರೂಟ್‌ನ ಒಳಗಿದೆ. ಹೋಮ್ ಕತ್ತರಿಸಿ ಕೊಡೋಣವೆಂದರೆ ಎರಡೂ ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್, ಅದನ್ನು ಹಿಗ್ಗಿಸಬಹುದು, ಕುಗ್ಗಿಸಲು ಬರುವುದಿಲ್ಲ. ಹಾಗಾಗಿ ಕಸ್ಟಮ್ ಆರಿಸಿ: ಇಎಫ್‌ಐಗೆ 1 ಜಿಬಿ, ಬೂಟ್‌ಗೆ 1 ಜಿಬಿ, ರೂಟ್‌ಗೆ 50, ಸ್ವಾಪ್‌ಗೆ 4ರಿಂದ 8, ವಾರ್‌ಗೆ ಈಗಿನ ಅಗತ್ಯದಷ್ಟು, ಉಳಿದದ್ದು ಯಾರಿಗೂ ಕೊಡದೆ ಖಾಲಿ. ಈಗಾಗಲೇ ಹಾಕಿಯಾಗಿದ್ದು ಹೋಮ್ ಖಾಲಿ ಇದ್ದರೆ, ಅನ್‌ಮೌಂಟ್ ಮಾಡಿ ಎಲ್‌ವಿರಿಮೂವ್ ಕೊಡಿ. ಬೂಟ್ ಆಗುವಾಗ ಮೌಂಟ್ ಮಾಡಬೇಕಾದವುಗಳ ಪಟ್ಟಿಯಾದ ಎಫ್‌ಸ್ಟ್ಯಾಬ್‌ನಲ್ಲಿ ಅದರ ಸಾಲು ಉಳಿದರೆ ಮುಂದಿನ ಬೂಟ್ ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಲ್ಲುತ್ತದೆ, ಅದನ್ನೂ ತೆಗೆಯಿರಿ.

ಕೊನೆಯದಾಗಿ, ಕಂಟ್ರೋಲರ್ ಇಲ್ಲದೆ ಲಿನಕ್ಸ್‌ನದೇ ಸಾಫ್ಟ್‌ವೇರ್ ರೇಡ್ 1 ಹಾಕುವವರಿಗೆ ಒಂದು ಮಾತು. ರೂಟ್ ಎರಡು ಡಿಸ್ಕ್‌ಗಳಲ್ಲೂ ಇರುತ್ತದೆ, ಇಎಫ್‌ಐ ಪಾರ್ಟಿಶನ್ ಮಾತ್ರ ಒಂದರಲ್ಲೇ ಉಳಿದುಬಿಡಬಹುದು, ಏಕೆಂದರೆ ಅದನ್ನು ಓದುವುದು ಫರ್ಮ್‌ವೇರ್, ಅದಕ್ಕೆ ಲಿನಕ್ಸ್ ರೇಡ್ ಅರ್ಥವಾಗುವುದಿಲ್ಲ. ಆ ಡಿಸ್ಕ್ ಸತ್ತರೆ ಡೇಟಾ ಇದ್ದೂ ಸರ್ವರ್ ಏಳುವುದಿಲ್ಲ. ಉಬುಂಟು ಇನ್‌ಸ್ಟಾಲರ್‌ನಲ್ಲಿ ಮೊದಲನೆಯದಕ್ಕೆ ಯೂಸ್ ಆ್ಯಸ್ ಬೂಟ್ ಡಿವೈಸ್, ಎರಡನೆಯದಕ್ಕೆ ಆ್ಯಡ್ ಆ್ಯಸ್ ಅನದರ್ ಬೂಟ್ ಡಿವೈಸ್ ಆರಿಸಿ. ಕೆಲಸಕ್ಕೆ ಬಿಡುವ ಮುನ್ನ ಸರ್ವರ್ ಆಫ್ ಮಾಡಿ, ಮೊದಲ ಡಿಸ್ಕ್ ಹೊರಗಿಟ್ಟು ಬೂಟ್ ಮಾಡಿ ನೋಡಿ. ಎದ್ದರೆ ಮತ್ತೆ ಆಫ್ ಮಾಡಿ ಡಿಸ್ಕ್ ಹಾಕಿ, ಎಂಡಿಎಡಿಎಂನಿಂದ ಮರಳಿ ಸೇರಿಸಿ. ಪ್ರಾಕ್ ಫೋಲ್ಡರ್‌ನ ಎಂಡಿಸ್ಟಾಟ್ ಫೈಲ್‌ನಲ್ಲಿ ಎರಡೂ ಯು ಅಕ್ಷರಗಳು ಕಾಣುವವರೆಗೆ ಇನ್ನೊಂದು ಡಿಸ್ಕ್ ಮುಟ್ಟಬೇಡಿ. ನಮಸ್ಕಾರ.