ಗಾಜಿನ ಬಟ್ಟೆಯ ಹಿಡಿಕೆ

(ಗದಗ-ಬೆಟಗೇರಿಯಲ್ಲಿ ಕಮ್ಮಾರರು ಮತ್ತು ಐಟಿಐ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)

ಹಿರಿಯರೇ, ಕುಲುಮೆಯಲ್ಲಿ ದುಡಿಯುವ ಬಂಧುಗಳೇ, ಐಟಿಐಯಿಂದ ಬಂದಿರುವ ತಮ್ಮಂದಿರೇ, ತಂಗಿಯರೇ,

ಅಲಗಿನ ವಿಷಯದಲ್ಲಿ ನಾನು ನಿಮಗೆ ಹೇಳಬೇಕಾದುದು ಏನೂ ಇಲ್ಲ. ಉಕ್ಕು ಎಷ್ಟು ಕೆಂಪಾದಾಗ ಎಣ್ಣೆಗೆ ಅದ್ದಬೇಕೆಂಬುದು ನಿಮ್ಮ ಕಣ್ಣಿಗೇ ಗೊತ್ತು. ಆದರೆ ಅಷ್ಟು ಆಸ್ಥೆಯಿಂದ ಹದಗೊಳಿಸಿದ ಅಲಗಿಗೆ ನಾವು ಕೂಡಿಸುವುದು ಆಷಾಢದಲ್ಲಿ ಉಬ್ಬಿ, ಏಪ್ರಿಲ್ ಬಿಸಿಲಿಗೆ ಕುಗ್ಗಿ, ರಿವೆಟ್ಟಿನ ಸುತ್ತ ಸೀಳು ಬಿಡುವ ಕಟ್ಟಿಗೆಯನ್ನು. ನಿಮ್ಮ ಅಡುಗೆಮನೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಚಾಕುವನ್ನು ಎತ್ತಿ ನೋಡಿ. ಅಲಗಿಗೆ ಇನ್ನೂ ಆಯುಷ್ಯವಿರುತ್ತದೆ, ಹಿಡಿಕೆ ಮಾತ್ರ ಅಲುಗಾಡುತ್ತಿರುತ್ತದೆ.

ನನ್ನ ಕೈಯಲ್ಲಿರುವ ಈ ತುಂಡಿಗೆ ಚಾಕು ಮಾಡುವವರು ಜಿ-10 ಎನ್ನುತ್ತಾರೆ. ಹುಬ್ಬಳ್ಳಿಯಲ್ಲಿ ಇನ್ಸುಲೇಷನ್, ಅಂದರೆ ವಿದ್ಯುತ್ ತಡೆಯುವ, ಸಾಮಾನು ಮಾರುವ ಅಂಗಡಿಗೆ ಹೋದರೆ ಗ್ಲಾಸ್ ಇಪಾಕ್ಸಿ ಶೀಟ್ ಎಂದು ಕೇಳಿ. ಕಂದು ಬಣ್ಣದ ಹೈಲಮ್ ಶೀಟನ್ನೇ ಇದೆಂದು ತಿಳಿದು ತರಬೇಡಿ. ಅದು ಕಾಗದಕ್ಕೋ ಅರಳೆಯ ಬಟ್ಟೆಗೋ ಫಿನಾಲಿಕ್ ರಾಳ ಉಣಿಸಿ ಮಾಡಿದ್ದು. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಕಂಡುಹಿಡಿದ ಬೇಕಲೈಟ್ ಮತ್ತು ಅದರ ಬೆನ್ನಿಗೇ ಬಂದ ಮೈಕಾರ್ಟಾ ಎಂಬ ಪದರಹಲಗೆಯ ವಂಶದ್ದು. ಇವೆಲ್ಲವೂ ಮೊದಲು ವಿದ್ಯುತ್ತನ್ನು ತಡೆಯಲೆಂದು ಹುಟ್ಟಿ, ಆಮೇಲೆ ಚಾಕುವಿನ ಹಿಡಿಕೆಗೆ ಬಂದವು.

ಜಿ-10 ಹೇಗಾಗುತ್ತದೆ ಎಂಬುದನ್ನು ಬೆಟಗೇರಿಯವರಿಗೆ ತಿಳಿಸುವುದು ಸುಲಭ. ಮಗ್ಗದ ಮೇಲೆ ಹತ್ತಿ, ರೇಷ್ಮೆಯ ಬದಲು ಗಾಜಿನ ನೂಲು ಏರಿದೆ ಎಂದುಕೊಳ್ಳಿ. ಕರಗಿದ ಗಾಜನ್ನು ಕೂದಲಿಗಿಂತ ಹಲವು ಪಟ್ಟು ಸಪೂರವಾದ ಎಳೆಗಳಾಗಿ ಸೆಳೆದು, ನೂಲಾಗಿಸಿ, ಹಾಸುಹೊಕ್ಕಿನಲ್ಲಿ ನೇಯ್ದ ಬಟ್ಟೆಗೆ ಇಪಾಕ್ಸಿ ರಾಳವನ್ನು ಉಣಿಸಿ, ಪದರದ ಮೇಲೆ ಪದರವಿಟ್ಟು, ಬಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ಈ ಹಲಗೆ ಸಿದ್ಧವಾಗುತ್ತದೆ. ಸೀರೆಗೆ ಹಾಕಿದ ಗಂಜಿ ಒಗೆತಕ್ಕೆ ಬಿಡುತ್ತದೆ. ಈ ರಾಳ ಒಮ್ಮೆ ಗಟ್ಟಿಯಾಯಿತೆಂದರೆ ನೀರಿಗೆ ಬಿಡುವುದಿಲ್ಲ, ಕಾಯಿಸಿದರೆ ಮರಳಿ ಕರಗುವುದೂ ಇಲ್ಲ. ಒಂದು ಹಗಲು ಒಂದು ರಾತ್ರಿ ನೀರಿನಲ್ಲಿಟ್ಟರೂ ಅದು ಹೀರುವುದು ತನ್ನ ತೂಕದ ಸುಮಾರು ಶೇಕಡಾ 0.1ರಷ್ಟು. ತೂಕವೋ, ಅಷ್ಟೇ ಗಾತ್ರದ ಉಕ್ಕಿನ ಕಾಲು ಭಾಗಕ್ಕಿಂತಲೂ ಕಡಿಮೆ.

ಇಷ್ಟು ಹೊಗಳಿದ ಮೇಲೆ ನಾನು ನಿಜವಾಗಿ ಹೇಳಲು ಬಂದ ಮಾತಿಗೆ ಬರುತ್ತೇನೆ. ಹಲಗೆಯಾಗಿ ಸುಮ್ಮನಿರುವ ಈ ಗಾಜು, ಧೂಳಾಗಿ ಎದ್ದ ಕ್ಷಣದಿಂದ ಬೇರೆಯೇ ವಸ್ತು.

ಹಲವು ವರ್ಷಗಳ ಹಿಂದೆ, ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಶೆಡ್ಡಿನಲ್ಲಿ, ನನ್ನ ಮೊದಲ ಜೊತೆ ಹಿಡಿಕೆಗಳನ್ನು ಬೆಲ್ಟ್ ಗ್ರೈಂಡರಿಗೆ ಹಿಡಿದೆ. ಮೈಮೇಲೆ ಬನಿಯನ್ನು, ಮೂಗಿಗೆ ಏನೂ ಇಲ್ಲ. ಟ್ಯೂಬ್‌ಲೈಟಿನ ಕೆಳಗೆ ತಿಳಿಹಸಿರು ಪುಡಿ ಹೊಗೆಯಂತೆ ತೇಲುತ್ತಿತ್ತು. ನನಗೆ ಅದು ಚೆಂದವಾಗಿಯೇ ಕಂಡಿತು. ಗದುಗಿನ ಬಸ್ಸು ಅಣ್ಣಿಗೇರಿ ದಾಟುವಷ್ಟರಲ್ಲಿ ಮುಂಗೈ ಉರಿಯತೊಡಗಿತು. ಮನೆಗೆ ಬಂದಾಗ ಅವ್ವ ನೋಡಿ, “ಕಂಬಳಿಹುಳ ಮುಟ್ಟಿರಬೇಕ ನೋಡಪ್ಪಾ,” ಎಂದು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದಳು. ತಿಕ್ಕಿದಷ್ಟೂ ಎಳೆಗಳು ಚರ್ಮದೊಳಗೆ ನಾಟಿಕೊಂಡವು. ಬೆಳತನಕ ನಿದ್ದೆಯಿಲ್ಲ, ಗಂಟಲಲ್ಲಿ ಕೆರೆತ. ಮರುದಿನ ಶೆಡ್ಡಿನ ಹಿರಿಯರೊಬ್ಬರು ಅಂಟುಪಟ್ಟಿಯನ್ನು ಮುಂಗೈಗೆ ಒತ್ತಿ ಒತ್ತಿ ಎತ್ತಿದರು. ಬೆಳಕಿಗೆ ಹಿಡಿದರೆ ಪಟ್ಟಿಯ ಮೇಲೆ ಸಣ್ಣ ಸಣ್ಣ ಮಿಂಚುಗಳು ಕಂಡವು. ಆಮೇಲೆ ತಿಕ್ಕದೆ ತಣ್ಣೀರು ಬಿಡಲು ಹೇಳಿದರು. ಇದಿಷ್ಟೇ ಆಗಿದ್ದರೆ ನಾನು ಮರೆಯುತ್ತಿದ್ದೆನೇನೋ. ಆದರೆ ಆ ಬನಿಯನ್ನನ್ನು ಅವ್ವ ಎಲ್ಲರ ಬಟ್ಟೆಯ ಜೊತೆಗೇ ನೆನೆಹಾಕಿದ್ದಳು. ಎರಡು ದಿನದ ಮೇಲೆ ನನ್ನ ಪುಟ್ಟ ತಂಗಿ ತೊಟ್ಟ ಫ್ರಾಕು ಅವಳ ಬೆನ್ನನ್ನೆಲ್ಲ ಕೆಂಪಗೆ ಮಾಡಿತು. ಕೆಲಸ ಮಾಡಿದವನು ನಾನು, ಅತ್ತವಳು ಅವಳು.

ಆದ್ದರಿಂದ ಧೂಳನ್ನು ಏಳಗೊಡಬೇಡಿ. ಕೈಯಿಂದ ಉಜ್ಜುವಾಗ ನೀರುಕಾಗದವನ್ನು, ಅಂದರೆ ನೀರಿಗೆ ಹಾಳಾಗದ ಉಜ್ಜುಕಾಗದವನ್ನು, ಒದ್ದೆ ಮಾಡಿಯೇ ಉಜ್ಜಿ. ಕರೆಂಟಿನ ಯಂತ್ರಕ್ಕೆ ನೀರು ಸುರಿಯುವಂತಿಲ್ಲವಾದ್ದರಿಂದ, ಅಲ್ಲಿ ಪುಡಿಯನ್ನು ಹುಟ್ಟಿದಲ್ಲಿಯೇ ಎಳೆದುಕೊಳ್ಳುವ ವ್ಯಾಕ್ಯೂಮ್, ಮೂಗಿಗೆ ಕನಿಷ್ಠ ಎನ್-95, ಕಣ್ಣಿಗೆ ಕನ್ನಡಕ, ಮೈಗೆ ತುಂಬುತೋಳು ಇರಲೇಬೇಕು. ಬಾಯಿಗೆ ಕಟ್ಟಿದ ಟವೆಲ್ಲು ಇದಕ್ಕೆ ಸಾಲದು. ಕಸಬರಿಗೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಆ ದಿನದ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಿರಿ.

ಇನ್ನು ಕೆಲಸದ ಕ್ರಮ. ಗಾಜು ಸಾಮಾನ್ಯ ಡ್ರಿಲ್ ಬಿಟ್ಟನ್ನು ಬೇಗ ಮೊಂಡು ಮಾಡುತ್ತದೆ. ಕಾರ್ಬೈಡ್ ಬಿಟ್ಟು ಬಳಸಿ, ತೂತು ಹೊರಬೀಳುವ ಕಡೆಗೆ ಕಟ್ಟಿಗೆಯ ತುಂಡನ್ನು ಆನಿಸಿ, ಇಲ್ಲವಾದರೆ ಪದರ ಸಿಡಿಯುತ್ತದೆ. ಅಲಗಿನ ಕಡೆಗೆ ಬರುವ ಹಿಡಿಕೆಯ ಮುಂತುದಿಯನ್ನು ಅಂಟಿಸುವ ಮೊದಲೇ ಪೂರ್ತಿ ನಯಗೊಳಿಸಿಕೊಳ್ಳಿ. ಅಂಟಿಸಿದ ಮೇಲೆ ಅಲಗಿಗೆ ಗೀರು ಬೀಳದಂತೆ ಅಲ್ಲಿ ಕಾಗದ ಆಡಿಸಲಾಗದು. ಅಂಟಿಸುವ ಮೈಯನ್ನು 80ರ ಉಜ್ಜುಕಾಗದದಿಂದ (ಅಂಕಿ ಹೆಚ್ಚಿದಷ್ಟೂ ಕಾಗದ ನಯ) ಒರಟು ಮಾಡಿ, ಅಸಿಟೋನಿನಿಂದ ಒರೆಸಿ, ಆಮೇಲೆ ಬೆರಳು ತಾಗಿಸಬೇಡಿ. ಅರಾಲ್ಡೈಟ್ ಅಂಟು ಹಚ್ಚಿದ ಮೇಲೆ ಕ್ಲ್ಯಾಂಪನ್ನು ಮೈಮುರಿದು ಬಿಗಿಯುವವರಿದ್ದಾರೆ. ಅಂಟೆಲ್ಲ ಹೊರಗೆ ಬಂದು ಒಳಗೆ ಒಣ ಮೈ ಉಳಿಯುತ್ತದೆ. ಹದವಾಗಿ ಬಿಗಿದು ಒಂದು ರಾತ್ರಿ ಬಿಡಿ.

ಚೀಟಿ ಬಂದಿದೆ, ಐದೇ ನಿಮಿಷ ಉಳಿದಿದೆಯಂತೆ. ಪಿನ್ನುಗಳ ಬಗ್ಗೆ, ಎರಡು ಬಣ್ಣದ ಪದರಗಳಿಂದ ಹಿಡಿಕೆಯ ಮೇಲೆ ಗುಡ್ಡದ ನಕಾಶೆಯಂತೆ ಮೂಡುವ ಗೆರೆಗಳ ಬಗ್ಗೆ ಹೇಳಬೇಕೆಂದಿದ್ದೆ. ಅದನ್ನು ಕೈಯಲ್ಲಿ ಹಿಡಿದು ನೋಡುವುದೇ ಒಳ್ಳೆಯದು. ಒಂದು ಮಾತು ಮಾತ್ರ: ಹೊಳಪಿನ ಆಸೆಗೆ 400ರ ಕಾಗದ ದಾಟಿ ಬಹಳ ದೂರ ಹೋಗಬೇಡಿ, ಒದ್ದೆ ಕೈಗೆ ಜಾರುತ್ತದೆ.

ಆ ಮೇಜಿನ ಮೇಲಿನ ಬೋಗುಣಿಯಲ್ಲಿ ನಿನ್ನೆ ರಾತ್ರಿಯಿಂದ ಎರಡು ಚಾಕುಗಳು ನೆನೆದಿವೆ. ಒಂದು ಸಾಗವಾನಿಯದು, ಒಂದು ಜಿ-10ದು. ಹೋಗುವ ಮೊದಲು ಎರಡನ್ನೂ ಒರೆಸಿ, ಹಿಡಿಕೆ ಅಲಗಿಗೆ ಕೂಡುವ ಸಂದಿಯ ಮೇಲೆ ಉಗುರು ಆಡಿಸಿ ನೋಡಿ.