ಡಬ್ಬಿ, ತಂತಿ, ಶ್ರುತಿ: ಪ್ಯೂರ್ ಡೇಟಾ ಶುರು ಮಾಡೋಣ ಬನ್ನಿ

ನಮಸ್ಕಾರ. ಮೇಜಿನ ಮೇಲಿರುವ ಹಿತ್ತಾಳೆ ತಟ್ಟೆಯ ಸರದಿ ಆಮೇಲೆ ಬರುತ್ತದೆ, ಈಗ ಪರದೆ ನೋಡಿ. ಖಾಲಿ ಬಿಳಿ ಪುಟ. ಇದೇ ಪ್ಯೂರ್ ಡೇಟಾ, ಕಂಪ್ಯೂಟರಿನಲ್ಲಿ ಸದ್ದು, ಚಿತ್ರ ಹುಟ್ಟಿಸುವ ಪ್ರೋಗ್ರಾಂ. ಎಲ್ಲರೂ ಪಿಡಿ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಪುಕ್ಕಟೆ ಸಿಗುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಹಳೇ ಲ್ಯಾಪ್‌ಟಾಪ್ ಧಾರಾಳವಾಗಿ ಸಾಕು.

ಇಲ್ಲಿ ಸಾಲು ಸಾಲು ಕೋಡ್ ಬರೆಯುವುದಿಲ್ಲ. ಡಬ್ಬಿ ಇಡುತ್ತೇವೆ, ಡಬ್ಬಿಯಿಂದ ಡಬ್ಬಿಗೆ ತಂತಿ ಎಳೆಯುತ್ತೇವೆ. ಅಂಕಿ, ಸದ್ದು ಎಲ್ಲವೂ ಮೇಲಿನಿಂದ ಕೆಳಕ್ಕೆ ಹರಿಯುತ್ತವೆ. ಹೀಗೆ ಕಟ್ಟಿದ್ದಕ್ಕೆ ಪ್ಯಾಚ್ ಅಂತ ಹೆಸರು. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು, ಪ್ಯಾಚ್ ಓಡುತ್ತಿರುವಾಗಲೇ ಅದನ್ನು ಬದಲಿಸಬಹುದು. ತೋಟಕ್ಕೆ ನೀರು ಬಿಟ್ಟಿರುವಾಗಲೇ ಗುದ್ದಲಿಯಲ್ಲಿ ಕಾಲುವೆ ತಿರುಗಿಸುತ್ತಾರಲ್ಲ, ಹಾಗೆ. ನಿಲ್ಲಿಸು, ತಿದ್ದು, ಮತ್ತೆ ಓಡಿಸು ಎನ್ನುವ ರಗಳೆ ಇಲ್ಲ. ಕಿವಿ ಹೇಳಿದ ಕಡೆ ಕೈ ಹೋಗುತ್ತದೆ.

ಹೆಸರಿನ ಕೊನೆಯಲ್ಲಿ ಡೊಂಕು ಗೆರೆ ಕಾಣಿಸಿತಾ? ಅದು ಟಿಲ್ಡ. ಅದಿದ್ದರೆ ಸದ್ದಿನ ಡಬ್ಬಿ, ಅದರ ತಂತಿ ದಪ್ಪ. ಟಿಲ್ಡ ಇಲ್ಲದಿದ್ದರೆ ಸಂದೇಶದ ಡಬ್ಬಿ, ತಂತಿ ತೆಳ್ಳಗೆ. ಸದ್ದಿನ ಲೆಕ್ಕ ಬಿಡುವಿಲ್ಲದೆ ನಡೆಯುತ್ತಲೇ ಇರುತ್ತದೆ, ಒಂದು ಸಲಕ್ಕೆ 64 ಸ್ಯಾಂಪಲ್. ಸ್ಯಾಂಪಲ್ ಅಂದರೆ ಒಂದು ಕ್ಷಣದ ಸದ್ದಿನ ಅಳತೆ. ಸೆಕೆಂಡಿಗೆ 44,100 ಸ್ಯಾಂಪಲ್ ಅಂದರೆ ಆ ಒಂದು ತುಂಡು ಸುಮಾರು ಒಂದೂವರೆ ಮಿಲಿಸೆಕೆಂಡು. ಸಂದೇಶ ಹಾಗಲ್ಲ, ಯಾರಾದರೂ ಕಳಿಸಿದಾಗ ಮಾತ್ರ ಹೋಗುತ್ತದೆ.

ಎಲ್ಲ ಪಾಠಗಳೂ 440 ಹರ್ಟ್ಸ್, ಅಂದರೆ ಸೆಕೆಂಡಿಗೆ 440 ಕಂಪನ ಕೊಟ್ಟು ಪೀ ಅನ್ನಿಸುವುದರಿಂದ ಶುರುವಾಗುತ್ತವೆ. ಆ ಪೀ ಕೇಳಿಯೇ ಅರ್ಧ ಜನ ಎದ್ದು ಹೋಗುತ್ತಾರೆ ಅನ್ನಿಸುತ್ತದೆ ನನಗೆ. ನಾವು ಶ್ರುತಿ ಹಿಡಿಯೋಣ. ಹಾರ್ಮೋನಿಯಂನ ಕಪ್ಪು ಒಂದು. ಒಂದೊಂದು ಸ್ವರಕ್ಕೆ ಒಂದೊಂದು ಅಂಕಿ ಕೊಡುವ ಮಿಡಿ ಲೆಕ್ಕದಲ್ಲಿ ಅದು 49. ಆ ಅಂಕಿಯನ್ನು ಹರ್ಟ್ಸ್‌ಗೆ ಬದಲಿಸುವ ಎಂಟಿಒಎಫ್ ಡಬ್ಬಿಗೆ 49 ಕೊಟ್ಟರೆ ಕೆಳಗೆ 138.59 ಹರ್ಟ್ಸ್ ಬೀಳುತ್ತದೆ. ಅದನ್ನು ಅಲೆ ಹುಟ್ಟಿಸುವ ಫೇಸರ್‌ಗೆ ಕೊಟ್ಟೆ, ಜೋರು ತಗ್ಗಿಸಲು 0.1ರಿಂದ ಗುಣಿಸಿದೆ, ಸ್ಪೀಕರಿಗೆ ಕಳಿಸುವ ಡ್ಯಾಕ್‌ಗೆ ಸೇರಿಸಿದೆ. ಷಡ್ಜ ಬಂತು.

ಈಗ ಪಂಚಮ. ಪಕ್ಕದಲ್ಲಿ ಇನ್ನೊಂದು ಫೇಸರ್, ಅದಕ್ಕೆ 56. ಅಂದರೆ 207.65 ಹರ್ಟ್ಸ್. ಕೀಬೋರ್ಡಿನ ಪಂಚಮ ಇದು. ಸುಮ್ನೆ ಸ್ವಲ್ಪ ಹೊತ್ತು ಕೇಳಿ. ಎರಡು ಸೆಕೆಂಡಿಗೊಮ್ಮೆ ಒಳಗೆ ಏನೋ ಎದ್ದು ಇಳಿಯುತ್ತಿದೆ, ಅಲ್ವಾ? ಈಗ 56 ತೆಗೆದು, ಷಡ್ಜದ ಅಂಕಿಯನ್ನೇ 1.5ರಿಂದ ಗುಣಿಸಿ ಕೊಡುತ್ತೇನೆ. 207.89. ಏಳುವುದು ಇಳಿಯುವುದು ನಿಂತೇಹೋಯಿತು. ಕಾಲು ಹರ್ಟ್ಸ್‌ನಷ್ಟೂ ವ್ಯತ್ಯಾಸವಿಲ್ಲ, ಆದರೂ ಕಿವಿಗೆ ಗೊತ್ತಾಗುತ್ತದೆ. ಹೆಡ್‌ಫೋನ್ ಇದ್ದರೆ ಸ್ವಲ್ಪ ಹಿಂದೆ ಹೋಗಿ ಇನ್ನೊಮ್ಮೆ ಕೇಳಿ. ಇದನ್ನು ತಂಬೂರಿ ಅನ್ನಲಾರೆ. ತಂತಿಗೆ ಝೇಂಕಾರ ಕೊಡುವ ಜವಾರಿ ಇಲ್ಲ, ಮೀಟುವ ಬೆರಳಿಲ್ಲ. ಆದರೆ ಪಂಚಮ ಕೂರುವುದು ಅಂದರೇನು ಅಂತ ಕಿವಿಗೆ ತೋರಿಸಲು ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ.

ಶ್ರುತಿ ಹಾಗೇ ಇರಲಿ, ಮಾತಾಡಲು ಚೆನ್ನಾಗಿದೆ. ಪಿಡಿ ಬರೆದವರು ಮಿಲ್ಲರ್ ಪಕೆಟ್. 1980ರ ದಶಕದಲ್ಲಿ ಅವರು ಪ್ಯಾರಿಸ್‌ನ ಇರ್ಕಾಮ್ ಎಂಬ ಸಂಗೀತ ಸಂಶೋಧನಾ ಕೇಂದ್ರದಲ್ಲಿದ್ದರು. ವಾದ್ಯ ನುಡಿಸುವವರ ಜೊತೆ ಕಂಪ್ಯೂಟರ್ ಆ ಕ್ಷಣದಲ್ಲೇ ಸ್ಪಂದಿಸಬೇಕು ಅಂತ ಅಲ್ಲಿ ಮ್ಯಾಕ್ಸ್ ಎಂಬ ಪ್ರೋಗ್ರಾಂ ಮಾಡಿದರು. ಕಂಪ್ಯೂಟರಿನಿಂದ ಸಂಗೀತ ಹೊರಡಿಸಿದವರಲ್ಲಿ ಮೊದಲಿಗರಾದ ಮ್ಯಾಕ್ಸ್ ಮ್ಯಾಥ್ಯೂಸ್ ಅವರ ಹೆಸರು ಅದಕ್ಕೆ. ಆಮೇಲೆ ಮ್ಯಾಕ್ಸ್ ದುಡ್ಡು ಕೊಟ್ಟು ಕೊಳ್ಳುವ ಸರಕಾಯಿತು. ಪಕೆಟ್ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ 1996ರಲ್ಲಿ ಪಿಡಿ ಹೊರತಂದರು. ಮೂಲ ಕೋಡ್ ಸಮೇತ, ಎಲ್ಲರಿಗೂ ಬಿಟ್ಟು.

ಮ್ಯಾಕ್ಸ್ ತಗೊಳ್ಳಬೇಕಾ ಅಂತ ತುಂಬಾ ಜನ ಕೇಳುತ್ತೀರಿ. ಬೇಡ. ಕಲಿಯುವವರು ಅಷ್ಟು ದುಡ್ಡು ಹಾಕಬಾರದು. ಆದರೆ ಪಿಡಿಯಲ್ಲಿ ನನಗೆ ಆಗದ ಒಂದು ವಿಷಯವಿದೆ. ಒಂದೇ ಡಬ್ಬಿಯಿಂದ ಎರಡು ತಂತಿ ಎಳೆದರೆ ಸಂದೇಶ ಮೊದಲು ಯಾವುದಕ್ಕೆ ಹೋಗುತ್ತದೆ? ಮೊದಲು ಎಳೆದ ತಂತಿಗೆ. ಅದು ಪರದೆಯಲ್ಲಿ ಎಲ್ಲೂ ಕಾಣುವುದಿಲ್ಲ! ಕಣ್ಣಿಗೆ ಕಾಣುವುದೇ ಪ್ರೋಗ್ರಾಂ ಅಂತ ಹೇಳಿ, ಮುಖ್ಯವಾದದ್ದನ್ನೇ ಬಚ್ಚಿಟ್ಟರೆ ಹೇಗೆ? ಮ್ಯಾಕ್ಸ್‌ನಲ್ಲಿ ಬಲಗಡೆಯ ಡಬ್ಬಿಗೆ ಮೊದಲು, ಎಡಕ್ಕೆ ಆಮೇಲೆ. ನೋಡಿದರೆ ಗೊತ್ತಾಗುತ್ತದೆ. ಆ ಒಂದು ವಿಷಯದಲ್ಲಿ ಮ್ಯಾಕ್ಸ್ ವಾಸಿ. ಹಾಗಂತ ಅಲ್ಲೂ ಅಂದಕ್ಕೆಂದು ಒಂದು ಡಬ್ಬಿಯನ್ನು ಆಚೆಗೆ ಸರಿಸಿದರೆ ಪ್ಯಾಚ್ ನಡೆಯುವ ಕ್ರಮವೇ ಬದಲಾಗಬಹುದು. ಅದು ಇನ್ನೂ ಅಪಾಯ. ಇಲ್ಲ, ಪಿಡಿಯೇ ಇರಲಿ. ಟ್ರಿಗರ್ ಡಬ್ಬಿ ಹಾಕಿ, ಅದು ಬಲದಿಂದ ಎಡಕ್ಕೆ ಕ್ರಮವಾಗಿ ಬಿಡುತ್ತದೆ. ಮೊದಲ ದಿನದಿಂದಲೇ ಅಭ್ಯಾಸ ಮಾಡಿಕೊಳ್ಳಿ.

ಚಿತ್ರಕ್ಕೆ ಬರೋಣ. ಜೆಮ್ ಅಂತ ಒಂದು ಸೇರ್ಪಡೆ ಇದೆ, ಪಿಡಿಯ ಮೆನುವಿನಿಂದಲೇ ಹುಡುಕಿ ಹಾಕಿಕೊಳ್ಳಬಹುದು. ಜೆಮ್‌ವಿನ್ ಕಿಟಕಿ ತೆರೆಯುತ್ತದೆ. ಜೆಮ್‌ಹೆಡ್ ಪ್ರತಿ ಫ್ರೇಮಿಗೂ ಬರೆಯುವಂತೆ ಕೆಳಗಿನ ಡಬ್ಬಿಗಳಿಗೆ ಹೇಳುತ್ತದೆ. ಅದರ ಕೆಳಗೆ ಸ್ಕ್ವೇರ್, ಅಗೋ ಬಿಳಿ ಚೌಕ. ಇನ್ನೊಂದು ಕಡೆ ಮೈಕಿನ ಸದ್ದು ಎಡಿಸಿ ಡಬ್ಬಿಯಿಂದ ಬಂದು ಎನ್ವ್ ಡಬ್ಬಿಗೆ ಹೋಗುತ್ತದೆ. ಎನ್ವ್ ಸದ್ದಿನ ಜೋರನ್ನು ಡೆಸಿಬೆಲ್‌ನಲ್ಲಿ ಹೇಳುತ್ತದೆ. ಪೂರ್ತಿ ಜೋರಿದ್ದರೆ 100ರ ಸುತ್ತಮುತ್ತ. ಅದರಿಂದ 50 ಕಳೆದು, ಸೊನ್ನೆಗಿಂತ ಕೆಳಗಿಳಿಯದಂತೆ ತಡೆದು, 25ರಿಂದ ಭಾಗಿಸಿ, ಸ್ಕ್ವೇರ್‌ನ ಬಲಗಿವಿಗೆ, ಅಂದರೆ ಡಬ್ಬಿಯ ಮೇಲೆ ಬಲಗಡೆ ತಂತಿ ಸೇರುವ ಜಾಗಕ್ಕೆ ಕೊಟ್ಟೆ. ಬಲಗಿವಿಗೆ ಬಂದದ್ದನ್ನು ಡಬ್ಬಿ ನೆನಪಿಟ್ಟುಕೊಳ್ಳುತ್ತದೆ, ಎಡಗಿವಿಗೆ ಜೆಮ್‌ಹೆಡ್ ಹೇಳಿದಾಗ ಬರೆಯುತ್ತದೆ. ಸುಮ್ಮನಿದ್ದರೆ ಚೌಕ ಇಲ್ಲ, ಸದ್ದಾದರೆ ಉಬ್ಬುತ್ತದೆ. ಈ ಶಾಟ್ ತೆಗೆಯುವಾಗ ಕೆಳಗೆ ಬೀದಿಯಲ್ಲಿ ಟೊಮೆಟೊ ಈರುಳ್ಳಿಯ ಆಟೋ ಬಂತು. ಆ ಧ್ವನಿಮುದ್ರಿತ ಕೂಗಿಗೆ ಚೌಕ ಕುಣಿಯುವುದನ್ನು ನೋಡಿ! ಕಿಲೋ ಅನ್ನುವಾಗ ಪ್ರತಿ ಸಲ ಒಂದೇ ಅಳತೆಗೆ ಉಬ್ಬುತ್ತದೆ. ನಾನು ಕೆಲಸ ಬಿಟ್ಟು ಅದನ್ನೇ ನೋಡುತ್ತಾ ಕೂತೆ. ಇರಲಿ, ತಟ್ಟೆ.

ತಟ್ಟೆಯ ತಳಕ್ಕೆ ಪೀಜೊ ಬಿಲ್ಲೆ ಅಂಟಿಸಿದ್ದೇನೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ. ತಟ್ಟಿದರೆ ಆ ಕಂಪನವೇ ವಿದ್ಯುತ್ ಆಗಿ ಬರುತ್ತದೆ. ಮೈಕಿನ ಜಾಗಕ್ಕೆ ಅದನ್ನು ಸೇರಿಸಿದ ತಕ್ಷಣ ನೋಡಿ, ಯಾರೂ ಮುಟ್ಟದೆ ಚೌಕ ಎದ್ದು ನಿಂತಿದೆ. ಎನ್ವ್ 58 ತೋರಿಸುತ್ತಿದೆ. ಕೇಳಿದರೆ ಗುಂಯ್ ಅಂತ ಸದ್ದು. ಇದು ನಮ್ಮ ಗೋಡೆಯೊಳಗಿನ ಕರೆಂಟು, 50 ಹರ್ಟ್ಸ್. ಈ ಬಿಲ್ಲೆ ಮಾರುವವರು ಕೂದಲಿನಷ್ಟು ತೆಳುವಾದ ಕೆಂಪು ಕಪ್ಪು ತಂತಿ ಬೆಸೆದು ಕೊಡುತ್ತಾರೆ. ಅದಕ್ಕೆ ಯಾವ ಹೊದಿಕೆಯೂ ಇಲ್ಲ. ಮನೆಯ ವೈರಿಂಗ್ ಬಿಡುವುದನ್ನೆಲ್ಲ ಆ ತಂತಿ ಆಂಟೆನಾದಂತೆ ಹಿಡಿಯುತ್ತದೆ. ಬಿಲ್ಲೆಯ ಹಿತ್ತಾಳೆ ಅಂಚಿಗೆ ಬೆರಳಿಟ್ಟರೆ ಗುಂಯ್ ಇಳಿಯುತ್ತದೆ, ತೆಗೆದರೆ ಮತ್ತೆ ಏರುತ್ತದೆ. ಬೆರಳಿಟ್ಟುಕೊಂಡೇ ಪ್ರದರ್ಶನ ಕೊಡಲಾಗುತ್ತದೆಯೇ?

ಪಿಡಿಯಲ್ಲೇ ಸೋಸೋಣ ಅಂತ ಹಿಪ್ ಡಬ್ಬಿ ಹಾಕಿದೆ, ಕೆಳಗಿನ ಸ್ವರಗಳನ್ನು ತಡೆಯಲು. ಜಾಸ್ತಿ ಪ್ರಯೋಜನವಿಲ್ಲ. ಅದರ ಇಳಿಜಾರು ಬಹಳ ನಿಧಾನ. ಅಲ್ಲದೆ ಈ ಗುಂಯ್‌ನಲ್ಲಿ 50 ಒಂದೇ ಇಲ್ಲ, 100, 150 ಅಂತ ಮೇಲಿನವೂ ಇವೆ. ತಡೆಯನ್ನು 300ಕ್ಕೆ ಏರಿಸಿದರೆ ಗುಂಯ್ ಜೊತೆ ತಟ್ಟೆಯ ಧಂ ಕೂಡ ಹೋಗುತ್ತದೆ. ನನಗೆ ಬೇಕಾದದ್ದೇ ಆ ಧಂ. ಕೊನೆಗೆ ತೆಳು ತಂತಿ ಕತ್ತರಿಸಿ, ಸುತ್ತ ಜಾಲರಿ ಇರುವ ಮೈಕ್ ಕೇಬಲ್ ಬೆಸೆದೆ. ಕೇಬಲ್ಲಿಗೆ ಬಿಲ್ಲೆಗಿಂತ ಜಾಸ್ತಿ ದುಡ್ಡಾಯಿತು. ಲ್ಯಾಪ್‌ಟಾಪಿನ ಚಾರ್ಜರನ್ನೂ ತೆಗೆದೆ. ಎನ್ವ್ 40ರ ಕೆಳಗೆ ಇಳಿಯಿತು, ಚೌಕ ಮಾಯ. ಬಿಲ್ಲೆ ಮಾರುವವರು ಮೊದಲೇ ಸರಿಯಾದ ಕೇಬಲ್ ಹಾಕಿ ಇನ್ನಷ್ಟು ರೂಪಾಯಿ ಜಾಸ್ತಿ ತಗೊಂಡರೆ ಯಾರೂ ಬೇಡ ಅನ್ನುವುದಿಲ್ಲ. ಕಲಿಯುವ ಹುಡುಗರು ಈ ಗುಂಯ್ ಕೇಳಿ ಪಿಡಿಯೇ ಕೆಟ್ಟದ್ದು ಅಂತ ಬಿಟ್ಟುಬಿಡುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೆ.

ಈಗ ತಟ್ಟುತ್ತೇನೆ. ಚೌಕ ಸ್ವಲ್ಪ ತಡವಾಗಿ ಬರುತ್ತಿದೆ ಅಲ್ವಾ? ಜೆಮ್ ತಾನಾಗಿ ಸೆಕೆಂಡಿಗೆ 20 ಫ್ರೇಮ್ ಮಾತ್ರ ಬರೆಯುತ್ತದೆ. ಜೆಮ್‌ವಿನ್‌ಗೆ ಫ್ರೇಮ್ 60 ಅಂತ ಸಂದೇಶ ಕೊಟ್ಟೆ. ಈಗ ಬೆರಳಿನ ಜೊತೆಗೇ ಬರುತ್ತಿದೆ. ಇದೇ ಅಂಕಿಯನ್ನು ಬಣ್ಣದ ಡಬ್ಬಿಗೂ ಕೊಡಬಹುದು, ತಿರುಗಿಸುವ ಡಬ್ಬಿಗೂ ಕೊಡಬಹುದು, ಆ ಶ್ರುತಿಯ ಜೋರಿಗೂ ಕೊಡಬಹುದು. ತಂತಿಗೆ ಅದು ಸದ್ದಿನಿಂದ ಬಂತೋ ಚಿತ್ರದಿಂದ ಬಂತೋ ಗೊತ್ತಿಲ್ಲ. ಇಷ್ಟು ಹಿಡಿದರೆ ಉಳಿದದ್ದನ್ನು ನೀವೇ ಆಡಿಕೊಂಡು ಕಲಿಯಬಹುದು. ಯಾವ ಡಬ್ಬಿಯ ಮೇಲೆ ಬೇಕಾದರೂ ಬಲ ಕ್ಲಿಕ್ ಮಾಡಿ ಹೆಲ್ಪ್ ಒತ್ತಿ, ಅದರ ವಿವರಣೆಯೇ ಓಡುವ ಪ್ಯಾಚ್ ಆಗಿ ತೆರೆಯುತ್ತದೆ. ಅದರಿಂದಲೇ ನಕಲು ಮಾಡಿ, ಪರವಾಗಿಲ್ಲ.

ಕ್ಯಾಮೆರಾ ಬ್ಯಾಟರಿ ಕೆಂಪಾಗಿದೆ, ಬೇಗ ಹೇಳುತ್ತೇನೆ. ಪ್ಯಾಚ್ ಫೈಲ್ ಕೆಳಗೆ ಹಾಕಿದ್ದೇನೆ. ತೆರೆದ ತಕ್ಷಣ ಹೆಡ್‌ಫೋನ್ ಹಾಕಿಕೊಳ್ಳಬೇಡಿ. ಮೊದಲು 0.1 ಇರುವ ಆ ಗುಣಾಕಾರದ ಡಬ್ಬಿ ಜಾಗದಲ್ಲಿದೆಯಾ ನೋಡಿ, ಆಮೇಲೆ ಸದ್ದು ಶುರು ಮಾಡುವ ಡಿಎಸ್‌ಪಿ ಒತ್ತಿ. ಮುಂದಿನ ಸಲ ವೆಬ್‌ಕ್ಯಾಮ್ ಚಿತ್ರವನ್ನು ಈ ಚೌಕದ ಮೇಲೆ ಅಂಟಿಸೋಣ.